ಗೋದಾಮಿನ ನೆಲ

"ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು" ಅನ್ನುವ ಗಾದೆ ಅತ್ತೆಯ ನಾಲಗೆಯ ತುದಿಯಲ್ಲೇ ಇರುತ್ತಿತ್ತು. ಸೊಸೆ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರಿದಾಗಲೆಲ್ಲ ಅದು ಹೊರಗೆ ಬರುತ್ತಿತ್ತು. ಸೊಸೆ ಕಟ್ಟಿದ್ದೂ ಕಡಿಮೆಯೇನಲ್ಲ. ಶಾಲೆ ಮುಗಿದ ಮರುವರ್ಷವೇ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಳು. ಅಲ್ಲಿಗೆ ಹೊಸ ಯಂತ್ರ ಬಂದು ಹುಡುಗಿಯರನ್ನೆಲ್ಲ ಮನೆಗೆ ಕಳಿಸಿತು. ಆಮೇಲೆ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಶರ್ಟಿನ ಕಾಲರ್ ಹೊಲಿದಳು. ತೋಳಲ್ಲ, ಜೇಬಲ್ಲ, ಬರೀ ಕಾಲರ್. "ಊರಿನ ಗಂಡಸರ ಕುತ್ತಿಗೆಗೆಲ್ಲ ಕೈ ಹಾಕಿದವಳು ನಾನು" ಎಂದು ಆ ದಿನಗಳ ಬಗ್ಗೆ ತಮಾಷೆ ಮಾಡುತ್ತಿದ್ದಳು. ಒಂದು ದಿನ ಮೆಷಿನ್ನಿನ ಸೂಜಿ ಹೆಬ್ಬೆರಳಿನ ಉಗುರನ್ನೇ ತೂರಿಕೊಂಡು ಹೋದ ಮೇಲೆ ಆ ಕೆಲಸಕ್ಕೂ ಕೈಮುಗಿದು ಬಸ್ ಕಂಡಕ್ಟರ್ ಆದಳು.

ಅವಳಿಗೆ ಸೀಟಿ ಅನ್ನುವ ಹೆಸರು ಬಿದ್ದದ್ದು ಅಲ್ಲೇ. ಅವಳು ಸೀಟಿ ಊದಿದರೆ ಸತ್ತ ಬ್ಯಾಟರಿಯ ಬಸ್ಸೂ ಹೊರಡುತ್ತದೆ ಎಂದು ಡಿಪೋದಲ್ಲಿ ಹೇಳುತ್ತಿದ್ದರು. ಅದೇ ಬಸ್ಸಿನ ಡ್ರೈವರನ್ನು ಮದುವೆಯಾದಳು. "ಆಗ ಒಂದು ಸೀಟಿಗೆ ನಿಲ್ತಿದ್ರು, ಈಗ ಹತ್ತು ಸಲ ಕೂಗಿದ್ರೂ ತಿರುಗಿ ನೋಡಲ್ಲ" ಎಂದು ಅವಳು, "ಆಗ ನೀನು ಬರೀ ಊದ್ತಿದ್ದೆ, ಈಗ ಮಾತಾಡ್ತೀಯ" ಎಂದು ಅವನು. ಮಗಳು ಹುಟ್ಟಿ, ಸೊಂಟ ನೋವು ಶುರುವಾಗಿ, ನಿಂತು ಮಾಡುವ ಕೆಲಸ ಬೇಡ ಎಂದು ಡಾಕ್ಟರು ಹೇಳಿದ ಮೇಲೆ ಟೈಪಿಂಗ್ ಕಲಿತು ನ್ಯಾಯಾಲಯ ಸೇರಿದಳು. ಅಲ್ಲಿ ಮಾತ್ರ ಬೇರು ಬಿಟ್ಟಳು. ಅವಳು ಸೇರಿದಾಗ ಅಂಬೆಗಾಲಿಡುತ್ತಿದ್ದ ಮಗಳು ಬೇರೆ ಊರಿನ ಹಾಸ್ಟೆಲ್ಲಿಗೆ ಹೋಗುವಷ್ಟು ದೊಡ್ಡವಳಾದರೂ ಅವಳು ಅದೇ ಕುರ್ಚಿಯಲ್ಲೇ ಇದ್ದಳು. ಅತ್ತೆ ಗಾದೆ ಹೇಳುವುದನ್ನು ನಿಲ್ಲಿಸಿದ್ದರು.

ನ್ಯಾಯಾಲಯದ ಟೈಪಿಸ್ಟಿಗೆ ಒಂದೇ ಧರ್ಮ. ಸಾಕ್ಷಿ ಆಡಿದ್ದನ್ನು ಬಿಡಬಾರದು, ಆಡದ್ದನ್ನು ಸೇರಿಸಬಾರದು. ಕೊಲೆಯ ಮಾತು ಬರಲಿ, ಕಣ್ಣೀರು ಬರಲಿ, ಬೆರಳು ನಿಲ್ಲಬಾರದು. ಸೀಟಿಯ ಬೆರಳು ನಿಲ್ಲುತ್ತಿರಲಿಲ್ಲ. ಆದರೆ ಕೇಳಿದ್ದೆಲ್ಲ ಹಾಳೆಯ ಮೇಲೆ ಇಳಿದು ಹೋಗುತ್ತಿರಲಿಲ್ಲ, ಸ್ವಲ್ಪ ಒಳಗೇ ಉಳಿಯುತ್ತಿತ್ತು. ಹಾಗೆ ಉಳಿದದ್ದರಲ್ಲಿ ಒಂದು, ಬೀಗದ ಅಂಗಡಿಯವನ ಪ್ರಕರಣ.

ಪೇಟೆಯಲ್ಲಿ ಅಪ್ಪನ ಕಾಲದ ಬೀಗದ ಅಂಗಡಿ, ಅಣ್ಣ ತಮ್ಮ ಇಬ್ಬರೂ ನಡೆಸುತ್ತಿದ್ದರು. ಒಂದು ವಾರ ಇಬ್ಬರಿಗೂ ಜಗಳವಾಯಿತು, ಮುಂದಿನ ವಾರ ತಮ್ಮ ಕಾಣೆಯಾದ. ಪೊಲೀಸರು ಅಣ್ಣನನ್ನು ಹಿಡಿದರು. ಶವ ಸಿಗಲಿಲ್ಲ, ನೋಡಿದವರಿಲ್ಲ, ಜಗಳ ಕೇಳಿದವರು ಮಾತ್ರ ಇದ್ದರು. ಸಾಕ್ಷ್ಯ ಸಾಲದೆಂದು ಬಿಡುಗಡೆಯಾಯಿತು. ಆ ಅಣ್ಣನಿಗೆ ಮಾತಿಗೊಮ್ಮೆ "ಇದ್ದದ್ದು ಇದ್ದಂಗೆ ಹೇಳ್ತೀನಿ" ಅನ್ನುವ ಚಾಳಿ. ಅದನ್ನು ಟೈಪ್ ಮಾಡಿ ಮಾಡಿ ಸೀಟಿಗೆ ಬೆರಳು ನೋವು ಬಂದಿತ್ತು. ತಮ್ಮ ಕಾಣೆಯಾದ ವಾರ ಏನು ಮಾಡುತ್ತಿದ್ದೆ ಎಂದು ವಕೀಲರು ಕೇಳಿದಾಗ, "ಇದ್ದದ್ದು ಇದ್ದಂಗೆ ಹೇಳ್ತೀನಿ, ಗೋದಾಮಿನ ನೆಲಕ್ಕೆ ಕಾಂಕ್ರೀಟ್ ಹಾಕಿಸ್ತಿದ್ದೆ" ಎಂದಿದ್ದ. ವಕೀಲರು ಆ ಮಾತನ್ನು ದಾಟಿ ಮುಂದಿನ ಪ್ರಶ್ನೆಗೆ ಹೋದರು. ಸೀಟಿ ಅದನ್ನು ದಾಟಲಿಲ್ಲ.

ವರ್ಷಗಳಾದ ಮೇಲೆ ಅವಳು ಬೆಳಗಿನ ಹೊತ್ತು, ಅಡುಗೆಮನೆಯ ಮೇಜಿನ ಮೇಲೆ, ಒಂದು ಕಾದಂಬರಿ ಬರೆದಳು. ಬೀಗದ ಅಂಗಡಿಯನ್ನು ಗಡಿಯಾರದ ಅಂಗಡಿ ಮಾಡಿದಳು. ಅಣ್ಣ ತಮ್ಮನನ್ನು ಕೊಂದು ಗೋದಾಮಿನ ಹಸಿ ಕಾಂಕ್ರೀಟಿನ ಕೆಳಗೆ ಮುಚ್ಚಿದ ಎಂದು ಬರೆದಳು. ಆ ಅಣ್ಣನಿಗೆ ಒಂದು ಚಾಳಿ ಬೇಕಾಯಿತು, "ಇದ್ದದ್ದು ಇದ್ದಂಗೆ ಹೇಳ್ತೀನಿ" ಅನ್ನುವುದು ಸಿದ್ಧವಾಗಿಯೇ ಇತ್ತು. ಅದರಲ್ಲಿ ತಪ್ಪೇನೂ ಅವಳಿಗೆ ಕಾಣಲಿಲ್ಲ.

ಕಾದಂಬರಿ ಅಚ್ಚಾಯಿತು. ಜನ ಓದಿದರು. ಬಸ್ಸಿನಲ್ಲಿ ಓದುತ್ತಿದ್ದವರನ್ನು ಡ್ರೈವರ್ ಕನ್ನಡಿಯಲ್ಲಿ ನೋಡಿ ಬಂದು ಹೇಳಿದ. ಪ್ರಕಾಶಕರು ಇನ್ನೊಂದು ಬರೆಯಿರಿ ಎಂದರು. "ಬಿಡು ಆ ಕೆಲಸ, ನನ್ನ ಸಂಬಳ ಇದೆಯಲ್ಲ, ಬರ್ಕೊಂಡಿರು" ಎಂದು ಡ್ರೈವರೇ ಹೇಳಿದ. ಅವಳು ರಾಜೀನಾಮೆ ಕೊಟ್ಟಳು. ಅತ್ತೆ ಹಳೆಯ ಗಾದೆಯನ್ನು ಧೂಳು ಕೊಡವಿ ಹೊರಗೆ ತೆಗೆದರು. "ಈ ಸಲ ಮುತ್ತೇ ಕಟ್ಟಿದ್ದೀನಿ ಅತ್ತೆ" ಎಂದಳು ಸೀಟಿ. "ನೋಡೋಣ" ಎಂದರು ಅತ್ತೆ.

ಫೋನು ಬರಲು ಶುರುವಾದದ್ದು ಅವಳು ಮನೆಯಲ್ಲಿ ಕೂತ ಕೆಲವು ದಿನಕ್ಕೆ. ಮಟಮಟ ಮಧ್ಯಾಹ್ನ, ಡ್ರೈವರ್ ಡ್ಯೂಟಿಯಲ್ಲಿ, ಅತ್ತೆ ಒಳಗೆ ನಿದ್ದೆಯಲ್ಲಿ. ಎತ್ತಿ "ಹಲೋ" ಎಂದರೆ ಆ ಕಡೆ ಮಾತಿಲ್ಲ. ಮೊದಲ ದಿನ ರಾಂಗ್ ನಂಬರ್ ಅಂದುಕೊಂಡಳು. ಮರುದಿನವೂ ಬಂತು. ಎಕ್ಸ್‌ಚೇಂಜಿನಲ್ಲಿ ಪಳಗಿದ ಕಿವಿ ಅವಳದು. ಲೈನ್ ಸತ್ತಿದೆಯೋ, ಯಾರೋ ಉಸಿರು ಬಿಗಿಹಿಡಿದಿದ್ದಾರೋ ಎಂದು ಹೇಳಬಲ್ಲಳು. ಉಸಿರು ಇತ್ತು. ಅದರ ಹಿಂದೆ ದೂರದಲ್ಲಿ ಏನೋ ಕಿರ್ರೆನ್ನುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕಿರ್ರೆನ್ನುತ್ತಿತ್ತು. ದರ್ಜಿಯ ಮೆಷಿನ್ನಲ್ಲ. ಗಿರಣಿಯಲ್ಲ. ಮೂರನೆಯ ಸಲ ಬಂದಾಗ ಅವಳಿಗೆ ಹೊಳೆಯಿತು. ನಕಲಿ ಕೀ ಕೊರೆಯುವ ಯಂತ್ರ.

ಅವಳ ಕೈಯಿಂದ ಫೋನು ಜಾರಲಿಲ್ಲ. ಮೆಲ್ಲಗೆ ಇಟ್ಟಳು, ಅಷ್ಟೇ. 

ಡ್ರೈವರಿಗೆ ಹೇಳಲಿಲ್ಲ. ಹೇಳಿದರೆ ಅವನು ಪೇಟೆಗೆ ಹೋಗಿ ಕಾಲರ್ ಹಿಡಿದು ಕೇಳುವವನೇ. ಆಮೇಲೆ ಇಲ್ಲದ್ದೂ ಇದೆ ಎಂದಾಗುತ್ತದೆ. ಬೀಗದ ಅಂಗಡಿಯವನು ಬಿಡುಗಡೆಯಾದವನು, ನಿರಪರಾಧಿ ಎಂದು ನ್ಯಾಯಾಲಯವೇ ಹೇಳಿದೆ, ಆ ತೀರ್ಪನ್ನು ಟೈಪ್ ಮಾಡಿದವಳೂ ತಾನೇ. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಒಳಗಿನಿಂದ ಇನ್ನೊಂದು ದನಿ ಬೇರೆಯೇ ಕೇಳುತ್ತಿತ್ತು. ಅವನು ನಿರಪರಾಧಿಯಾಗಿದ್ದರೆ ನಿನ್ನ ಪುಸ್ತಕ ಅವನಿಗೆ ಯಾಕೆ ತಟ್ಟಬೇಕು? ಸುಮ್ಮನೆ ಕಲ್ಲೆಸೆದೆ, ಅದು ಸರಿಯಾದ ಕಿಟಕಿಗೇ ಬಿತ್ತೋ ಏನೋ?

ಮೇಜಿನ ಮುಂದೆ ಕೂತರೆ ಒಂದು ಸಾಲೂ ಬರುತ್ತಿರಲಿಲ್ಲ. ಬೀದಿಯಲ್ಲಿ ಚಪ್ಪಲಿ ಸದ್ದು ನಿಧಾನವಾದರೆ ಪೆನ್ನು ನಿಲ್ಲುತ್ತಿತ್ತು. ಒಂದು ಸಂಜೆ ಹೊರಗಿನಿಂದ ಬಂದು ಬಾಗಿಲಿಗೆ ಕೀ ಹಾಕುವಾಗ ಬೀಗ ಬಿಗಿಯಾಗಿತ್ತು. ಎರಡು ಕೈಯಲ್ಲಿ ತಿರುಗಿಸುತ್ತಾ, ಇಷ್ಟು ವರ್ಷ ನೋಡದೇ ಇದ್ದದ್ದನ್ನು ನೋಡಿದಳು. ಹಿತ್ತಾಳೆಯ ಮೇಲೆ ಸಣ್ಣಗೆ ಒಂದು ಅಂಗಡಿಯ ಮುದ್ರೆ ಒತ್ತಿತ್ತು. ಅವನ ಅಂಗಡಿಯದೇ. ಯಾಕಿರಬಾರದು, ಅರ್ಧ ಊರಿನ ಬಾಗಿಲಿಗೆ ಅಲ್ಲಿಯದೇ ಬೀಗ. ಆದರೂ ಅವಳು ಕೀಯನ್ನು ಹೊರಗೆಳೆದು ತಿರುಗಿಸಿ ತಿರುಗಿಸಿ ನೋಡಿದಳು. ಈ ಬೀಗ ಮಾರಿದವನ ಬಳಿ ಇದರ ಇನ್ನೊಂದು ಕೀ ಇಲ್ಲ ಎಂದು ಯಾರು ಹೇಳಬಲ್ಲರು?

ಅವತ್ತು ಡ್ರೈವರಿಗೆ ಎಲ್ಲ ಹೇಳಿದಳು. ಅವನು ಮೊದಲು ನಕ್ಕ. "ಬೀಗ ಬದಲಾಯಿಸೋಣ ಬಿಡು" ಎಂದ. ಆಮೇಲೆ ಹೊಸ ಬೀಗವನ್ನು ಎಲ್ಲಿಂದ ತರುವುದು ಎಂದು ಇಬ್ಬರಿಗೂ ಒಟ್ಟಿಗೇ ಹೊಳೆದು, ಅವನ ನಗು ಅರ್ಧಕ್ಕೇ ನಿಂತಿತು.

"ಅವನೇ ಅಂತ ಹೇಗೆ ಹೇಳ್ತೀಯ?" ಎಂದು ಕೇಳಿದ.

"ಮೆಷಿನ್ ಸದ್ದು ಕೇಳಿದೆ ರೀ."

"ಪೊಲೀಸರಿಗೆ ಏನಂತ ಹೇಳೋದು? ಫೋನಲ್ಲಿ ಮೆಷಿನ್ ಸದ್ದು ಬಂತು ಅಂತಲಾ?"

ಮರುದಿನ ಡ್ಯೂಟಿಗೆ ಹೊರಡುವಾಗ, ಒಳಗಿನಿಂದ ಚಿಲಕ ಹಾಕಿಕೊಂಡಿರು, ಯಾರು ಬಂದರೂ ತೆಗೆಯಬೇಡ ಎಂದು ಅವನು ಹೇಳಿ ಹೋದ. ಅವಳು ಹಾಗೇ ಮಾಡಿದಳು. ಆದರೆ ಈ ಮಾತನ್ನು ಅತ್ತೆಗೆ ಹೇಳಲು ಇಬ್ಬರಿಗೂ ಮರೆತುಹೋಯಿತು.

ಕೆಲವು ದಿನಗಳ ನಂತರ ಮಧ್ಯಾಹ್ನ ಅವಳು ಹಿತ್ತಿಲಲ್ಲಿ ಬಟ್ಟೆ ಹರವಿ ಒಳಗೆ ಬಂದಾಗ ಮುಂದಿನ ಕೋಣೆಯಲ್ಲಿ ಅತ್ತೆಯ ಮಾತು ಕೇಳಿಸಿತು. "ಬಿಗಿ ಅಂದ್ರೆ ಬಿಗಿ ಕಣಪ್ಪ. ನನ್ನ ಕೈಲಂತೂ ಆಗೋದೇ ಇಲ್ಲ. ಸ್ವಲ್ಪ ಎಣ್ಣೆ ಬಿಡು." ಸೀಟಿ ಬಾಗಿಲ ಬಳಿ ನಿಂತು ನೋಡಿದಳು. ಬಾಗಿಲು ಹಾರುಹೊಡೆದಿತ್ತು. ಹೊಸ್ತಿಲ ಬಳಿ ಒಬ್ಬ ಗಂಡಸು ಕುಕ್ಕರಗಾಲಿನಲ್ಲಿ ಕೂತು, ತಿರುಪು ಬಿಚ್ಚಿ, ಅವರ ಮನೆಯ ಬೀಗವನ್ನು ಅಂಗೈಯಲ್ಲಿ ಇಟ್ಟುಕೊಂಡಿದ್ದ. ತಲೆ ನೆರೆತಿತ್ತು. ಆದರೆ ಕಟಕಟೆಯಲ್ಲಿ ನಿಂತಾಗ ಇದ್ದ ಹಾಗೆಯೇ ಎಡ ಹೆಗಲು ಕೊಂಚ ಇಳಿದಿತ್ತು.

"ಬಾಗಿಲು ತಟ್ಟಿದ್ರು, ಯಾರೋ ಬೀಗ ರಿಪೇರಿಯವರಂತೆ. ನೀನೇ ಹೇಳಿ ಕಳಿಸಿದ್ದೀಯೇನೋ ಅಂತ ತೆಗೆದೆ" ಎಂದರು ಅತ್ತೆ.

 ಕಂಡಕ್ಟರ್ ಆಗಿದ್ದಾಗ ಕುಡಿದವರನ್ನು, ಚಾಕು ಇಟ್ಟುಕೊಂಡವರನ್ನು ಬಸ್ಸಿನಿಂದ ಇಳಿಸಿದ್ದವಳು ಅವಳು. ಅಂಥವರ ಮುಖ ನೋಡಬಾರದು, ಕೈ ನೋಡಬೇಕು ಎಂದು ಆಗಲೇ ಕಲಿತಿದ್ದಳು. ಈಗ ಅವನ ಕೈ ನೋಡಿದಳು. ಬೆರಳುಗಳು ಬೀಗದ ಮೇಲೆ ಸಣ್ಣಗೆ ನಡುಗುತ್ತಿದ್ದವು. ಅದು ಅವಳನ್ನು ಇನ್ನಷ್ಟು ಹೆದರಿಸಿತು. ನಡುಗುವ ಕೈ ಏನು ಮಾಡುತ್ತದೆ ಎಂದು ಹೇಳಲಾಗುವುದಿಲ್ಲ.

"ಅತ್ತೆ, ನೀವು ಒಳಗೆ ಹೋಗಿ."

"ಯಾಕೆ, ಚಹಾ ಮಾಡ್ಲಾ?"

"ಮಾಡಿ."

ಅತ್ತೆ ಒಳಗೆ ಹೋದರು. ಅವನು ತಲೆ ಎತ್ತದೆ ಬೀಗದೊಳಗೆ ಎರಡು ಹನಿ ಎಣ್ಣೆ ಬಿಟ್ಟ. "ಫೋನ್ ಮಾಡಿದ್ದು ನಾನೇ ಮೇಡಂ" ಎಂದ. "ನಿಮ್ಮ ದನಿ ಕೇಳಿದ ತಕ್ಷಣ ಬಾಯಿ ಕಟ್ಟಿ ಹೋಗ್ತಿತ್ತು. ನಿಮ್ಮ ನಂಬರು, ವಿಳಾಸ ಪ್ರಕಾಶಕರ ಅಂಗಡೀಲಿ ಕೊಟ್ರು."

"ಏನು ಬೇಕು ನಿಮಗೆ?"

"ಇದ್ದದ್ದು ಇದ್ದಂಗೆ…" ಎಂದು ಶುರುಮಾಡಿದವನು ನಾಲಗೆ ಕಚ್ಚಿಕೊಂಡ. ಅವನ ಮುಖ ಕೆಂಪಾಯಿತು. "ನೋಡಿ, ಈಗ ಆ ಮಾತು ಅಂದ್ರೆ ಅಂಗಡಿಗೆ ಬಂದವರು ಒಬ್ಬರ ಮುಖ ಒಬ್ಬರು ನೋಡ್ಕೋತಾರೆ. ಕೀ ಮಾಡಿಸಿಕೊಳ್ಳೋಕೆ ಬಂದವರು ಎರಡನೇ ಕೀ ನನ್ನ ಹತ್ರ ಉಳೀಲಿಲ್ಲ ತಾನೇ ಅಂತ ಕೇಳ್ತಾರೆ. ಹೋಗ್ಲಿ ಬಿಡಿ. ನಾನು ಕೇಳೋಕೆ ಬಂದಿದ್ದು ಒಂದೇ ಮಾತು. ಗೋದಾಮಿನ ವಿಷಯ ನಿಮಗೆ ಯಾರು ಹೇಳಿದ್ರು?"

 ಈ ಪ್ರಶ್ನೆಗೆ ಹೆದರಿಯೇ ಅವಳು ಇಷ್ಟು ದಿನ ಚಿಲಕ ಹಾಕಿಕೊಂಡಿದ್ದಳು. "ಯಾರೂ ಹೇಳಲಿಲ್ಲ" ಎಂದಳು. "ನಾನೇ ಕಟ್ಟಿದ್ದು. ಕಥೆ ಅದು."

"ಯಾರೋ ಹೇಳಿರಬೇಕು."

"ನೀವೇ ಹೇಳಿದ್ರಿ. ಆ ವಾರ ಕಾಂಕ್ರೀಟ್ ಹಾಕಿಸ್ತಿದ್ದೆ ಅಂತ. ನಾನೇ ಟೈಪ್ ಮಾಡಿದ್ದೆ."

ಅವನು ಬೀಗ ಕೆಳಗಿಟ್ಟ.  ಒಳಗೆ ಚಹಾದ ಪಾತ್ರೆಯ ಸದ್ದು ಬರುತ್ತಿತ್ತು. "ಹಾಕಿಸ್ತಿದ್ದೆ ನಿಜ" ಎಂದ ಕೊನೆಗೆ. "ಆದ್ರೆ ಹಾಕಿದ ದಿನ ನಾನು ಅಲ್ಲಿರಲಿಲ್ಲ ಮೇಡಂ. ಮಾಲು ತರೋಕೆ ಹೋಗಿದ್ದೆ. ಅಲ್ಲಿದ್ದಿದ್ದು ಮೇಸ್ತ್ರಿ, ಆಳುಗಳು, ನನ್ನ ತಮ್ಮ. ವಾಪಸ್ ಬಂದಾಗ ನೆಲ ಆಗಿತ್ತು, ತಮ್ಮ ಇರಲಿಲ್ಲ. ಅವನಿಗೂ ಮೇಸ್ತ್ರಿಗೂ ಅವತ್ತು ಏನಾದ್ರೂ ಆಯ್ತಾ ಅಂತ ಇಷ್ಟು ವರ್ಷ ನನಗೆ ಒಂದು ದಿನವೂ ಅನ್ನಿಸಲಿಲ್ಲ. ಕೋಪ ಮಾಡ್ಕೊಂಡು ಎಲ್ಲೋ ಹೋಗಿದ್ದಾನೆ, ಬರ್ತಾನೆ ಅಂತಲೇ ಇದ್ದೆ. ನಿಮ್ಮ ಪುಸ್ತಕ ಓದಿದ ಮೇಲೆ ಆ ನೆಲದ ಮೇಲೆ ಕಾಲಿಡೋಕೆ ಆಗ್ತಿಲ್ಲ. ಮೇಸ್ತ್ರಿ ಸತ್ತು ಎಷ್ಟೋ ಕಾಲ ಆಯ್ತು. ಯಾರನ್ನ ಕೇಳ್ಲಿ?"

 ಕೊಲೆಗಾರ ಮನೆಗೆ ಬಂದಿದ್ದಾನೆ ಎಂದು ಅವಳು ಹೆದರಿದ್ದಳು. ಬಂದವನು ತನ್ನ ಗೋದಾಮಿಗೇ ಹೆದರಿದವನು.

"ನಾನು ಹಾಗಿರಲಿ" ಎಂದ ಅವನು. "ಅಮ್ಮನಿಗೆ ಪಕ್ಕದ ಮನೆ ಹುಡುಗಿ ಇಡೀ ಪುಸ್ತಕ ಓದಿ ಹೇಳಿದ್ದಾಳೆ. ಅವತ್ತಿಂದ ಅಮ್ಮ ಚಾಪೆ ತಗೊಂಡು ಹೋಗಿ ಗೋದಾಮಿನಲ್ಲೇ ಮಲಗ್ತಾಳೆ. ಕಬ್ಬಿಣದ ರಾಶಿ ಮಧ್ಯೆ. ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನೀವು ಬಂದು ಇದು ಸುಳ್ಳು ಅಂತ ಅವಳಿಗೆ ಒಂದು ಮಾತು ಹೇಳಿ. ಅಷ್ಟೇ ಸಾಕು."

ಅತ್ತೆ ಚಹಾ ತಂದರು. ಅವನು ನಿಂತುಕೊಂಡೇ ಕುಡಿದು, ಬೀಗವನ್ನು ಮತ್ತೆ ಬಾಗಿಲಿಗೆ ಕೂರಿಸಿ, ಕೀ ಹಾಕಿ ತಿರುಗಿಸಿ ತೋರಿಸಿ ಹೋದ. ಕೀ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ತಿರುಗಿತು. "ಒಳ್ಳೆ ಮನುಷ್ಯ, ದುಡ್ಡೂ ಇಸ್ಕೊಳ್ಳಲಿಲ್ಲ" ಎಂದರು ಅತ್ತೆ.

ಡ್ರೈವರ್ ಒಂದು ಮಾತನ್ನೂ ನಂಬಲಿಲ್ಲ. "ನಿನ್ನೊಬ್ಬಳನ್ನೇ ಕರೆಸಿಕೊಂಡು ಆ ಗೋದಾಮಿನಲ್ಲಿ ಏನು ಮಾಡ್ತಾನೋ ಯಾರಿಗೆ ಗೊತ್ತು? ನೀನು ಬರೆದ ಹಾಗೇ ಮಾಡಿದ್ರೆ?" ಎಂದ. ಸೀಟಿಗೂ ಆ ಭಯ ಹೋಗಿರಲಿಲ್ಲ. ಆದರೆ ಕಣ್ಣು ಮುಚ್ಚಿದರೆ ಕಬ್ಬಿಣದ ರಾಶಿಯ ನಡುವೆ ಚಾಪೆ ಹಾಸಿಕೊಂಡ ಒಂದು ಮುದಿಜೀವ ಕಾಣುತ್ತಿತ್ತು. ಅದನ್ನು ಅಲ್ಲಿ ಮಲಗಿಸಿದ್ದು ತಾನು. ಕೊನೆಗೆ ಡ್ರೈವರ್ ರಜೆ ಹಾಕಿ ಜೊತೆಗೆ ಹೊರಟ. ಬ್ಯಾಗಿನಲ್ಲಿ ಬಸ್ಸಿನ ದೊಡ್ಡ ಸ್ಪ್ಯಾನರೊಂದನ್ನು ಇಟ್ಟುಕೊಂಡದ್ದನ್ನು ಅವಳಿಗೆ ಹೇಳಲಿಲ್ಲ. ನಡೆಯುವಾಗ ಅದು ಟಿಫಿನ್ ಡಬ್ಬಿಗೆ ಬಡಿದು ಅದೇ ಹೇಳಿತು.

ಗೋದಾಮು ಅಂಗಡಿಯ ಹಿಂದೆ, ಸಂದಿಯೊಳಗಿತ್ತು. ಮೇಲೆ ತಗಡು, ಎತ್ತರದಲ್ಲಿ ಒಂದೇ ಕಿಟಕಿ, ಗ್ರೀಸಿನ ವಾಸನೆ. ಗೋಡೆಗೆ ಬೀಗ, ಚಿಲಕ, ಕೊಂಡಿಗಳ ಪೆಟ್ಟಿಗೆಗಳು. ನಡುವೆ ಬೂದು ಬಣ್ಣದ ಕಾಂಕ್ರೀಟ್ ನೆಲ, ಅದರ ಮೇಲೆ ಚಾಪೆ, ದಿಂಬು, ಒಂದು ಚೊಂಬು ನೀರು. ಸೀಟಿ ಆ ನೆಲವನ್ನು ಬರೆದಿದ್ದಳು, ನೋಡಿರಲಿಲ್ಲ. ನೋಡಿದಾಗ ಕಾಲು ಮುಂದಕ್ಕೆ ಹೋಗಲಿಲ್ಲ. ತಾನೇ ಕಟ್ಟಿದ ಸುಳ್ಳು, ಅದರ ಮೇಲೆ ಕಾಲಿಡಲು ತನಗೇ ಯಾಕೆ ಹೆದರಿಕೆ? ಅಂಚಿನಲ್ಲೇ ನಿಂತಳು.

ಚಾಪೆಯ ಮೇಲೆ ಕೂತಿದ್ದ ಮುದುಕಿ ತಲೆ ಎತ್ತಿದಳು. ಕುಳ್ಳಗೆ, ಒಣಗಿದ ಕಟ್ಟಿಗೆಯ ಹಾಗಿದ್ದಳು. "ನೀನೇ ಅಲ್ವಾ" ಎಂದಳು. "ಕೋರ್ಟಿನ ಮೂಲೇಲಿ ಕೂತು ಕಟಕಟ ಹೊಡೀತಿದ್ದೆ. ನಾನು ಎಲ್ಲರ ಮುಖ ನೋಡಿ ಬೇಜಾರಾಗಿ ನಿನ್ನ ಬೆರಳನ್ನೇ ನೋಡ್ತಾ ಕೂತಿರ್ತಿದ್ದೆ. ಬಾ, ಕೂತ್ಕೋ."

ಸೀಟಿ ಚಾಪೆಯ ತುದಿಯಲ್ಲಿ ಕೂತಳು. ಮುದುಕಿ ಅವಳ ಮಣಿಕಟ್ಟನ್ನು ಹಿಡಿದುಕೊಂಡಳು. ಹಿಡಿತ ಇಕ್ಕಳದ ಹಾಗಿತ್ತು.

"ಅಮ್ಮ, ಆ ಪುಸ್ತಕದಲ್ಲಿರೋದು ಸುಳ್ಳು. ನಾನೇ ಕಟ್ಟಿದ್ದು."

"ಎಲ್ಲಾ ಸುಳ್ಳಾ?"

"ಎಲ್ಲಾ."

"ನಮ್ಮ ದೊಡ್ಡವನು ಮಾತಾಡೋ ಮಾತು ಅದರಲ್ಲಿದೆ. ಅದು ಸುಳ್ಳಾ?"

"ಅದು… ಅದು ನಿಜ."

"ನೆಲ ಹಾಕಿಸಿದ್ದು?"

"ಅದೂ ನಿಜ."

"ಮತ್ತೆ ಎರಡು ನಿಜ ಇಟ್ಟು ಮೂರನೇದು ಸುಳ್ಳು ಅಂದ್ರೆ ನಾನು ಹೇಗೆ ನಂಬ್ಲಿ ತಾಯಿ?"

ಸೀಟಿ ಇಷ್ಟು ವರ್ಷ ಎಷ್ಟೊಂದು ವಕೀಲರ ಪಾಟೀಸವಾಲು ಟೈಪ್ ಮಾಡಿದ್ದಳು, ಇಂಥ ಪ್ರಶ್ನೆ ಕೇಳಿರಲಿಲ್ಲ.

ಮುದುಕಿ ದೊಡ್ಡ ಮಗನ ಕಡೆ ತಿರುಗಿದಳು. ಎಷ್ಟೋ ದಿನಗಳ ಮೇಲೆ ಅವನ ಜೊತೆ ಆಡಿದ ಮೊದಲ ಮಾತು ಅದು. "ಒಡೆಸು."

ಅವನು ಬೆವರಿದ. "ಅಮ್ಮ, ಬೇಡ."

"ಯಾಕೆ ಬೇಡ?"

"ಇದ್ರೆ?" ಎಂದ ಅವನು. ಅವನ ದನಿ ಒಡೆದಿತ್ತು. "ಅಲ್ಲಿ ಇದ್ರೆ ಏನು ಮಾಡೋದು? ಇಷ್ಟು ವರ್ಷ ಅವನ ಮೇಲೇ ಓಡಾಡಿದೀನಿ."

ಡ್ರೈವರ್ ಬ್ಯಾಗನ್ನು ಮೆಲ್ಲಗೆ ಕೆಳಗಿಟ್ಟ. ಅಲ್ಲಿಯವರೆಗೆ ಅವನ ಕೈ ಅದರ ಬಾಯಿಯಲ್ಲೇ ಇತ್ತು.

ಇಬ್ಬರು ಆಳುಗಳು ಡ್ರಿಲ್ ತಂದರು. ಪೆಟ್ಟಿಗೆಗಳನ್ನು ಎತ್ತಿ ಗೋಡೆಗೆ ಒರಗಿಸಿದರು. ಸೀಟಿ ಹೊರಡಲು ಎದ್ದಳು, ಮುದುಕಿ ಬಿಡಲಿಲ್ಲ. "ನೀನು ಹೋಗೋ ಹಾಗಿಲ್ಲ. ಬರೆದವಳು ನೀನು, ನೋಡಬೇಕಾದವಳೂ ನೀನೇ." ಹೀಗಾಗಿ ಇಬ್ಬರೂ ಸಂದಿಯಲ್ಲಿ ಒಂದು ಬೆಂಚಿನ ಮೇಲೆ ಕೂತರು, ಮಣಿಕಟ್ಟು ಇನ್ನೂ ಮುದುಕಿಯ ಕೈಯಲ್ಲೇ. ಡ್ರಿಲ್ಲಿನ ಸದ್ದಿಗೆ ತಗಡು ನಡುಗಿತು, ಬೆಂಚು ನಡುಗಿತು. ಸದ್ದು ನಿಂತರೆ ಏನೋ ಸಿಕ್ಕಿತು ಎಂದೇ ಸೀಟಿಗೆ ಅನ್ನಿಸುತ್ತಿತ್ತು. ಬಗ್ಗಿ ನೋಡಿದರೆ ಆಳು ಬೀಡಿ ಹಚ್ಚಲು ನಿಂತಿರುತ್ತಿದ್ದ. ಮತ್ತೆ ಸದ್ದು, ಮತ್ತೆ ನಿಲುಗಡೆ.

ಅವಳ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಏನೂ ಸಿಗದಿರಲಿ ಎಂದು ಬೇಡಿಕೊಂಡಳು. ಮರುಕ್ಷಣವೇ, ಸಿಕ್ಕಿದರೆ ನಾನು ಬರೆದದ್ದು ನಿಜವಾಗುತ್ತದಲ್ಲ ಅನ್ನುವ ಒಂದು ಕೆಟ್ಟ ಆಸೆ ಹೆಡೆ ಎತ್ತಿತು. ಅದನ್ನು ಕಂಡು ಅವಳಿಗೆ ಬೀಗದವನಿಗಿಂತ, ಗೋದಾಮಿಗಿಂತ, ತನ್ನ ಮೇಲೇ ಹೆಚ್ಚು ಭಯವಾಯಿತು. ಕಾಲರ್ ಹೊಲಿದಾಗ, ಟಿಕೆಟ್ ಹರಿದಾಗ, ಟೈಪ್ ಮಾಡಿದಾಗ ಅವಳಲ್ಲಿ ಇಂಥದ್ದೊಂದು ಇದೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಳಗಿನಿಂದ ಆಳು ಕೂಗಿದ. "ಬಟ್ಟೆ ಥರ ಏನೋ ಇದೆ ಸಾರ್."

ಬೀಗದವನು ಇದ್ದಲ್ಲೇ ಕೂತುಬಿಟ್ಟ. ಮುದುಕಿ ಎದ್ದು ನಡೆದಳು, ಸೀಟಿಯನ್ನೂ ಎಳೆದುಕೊಂಡು. ಒಡೆದ ಕಾಂಕ್ರೀಟಿನ ಹೆಂಟೆಗಳ ನಡುವೆ, ಮರಳಿನಲ್ಲಿ, ಬೂದು ಬಣ್ಣದ ಒಂದು ಮೂಲೆ ಚಾಚಿಕೊಂಡಿತ್ತು. ಸೀಟಿ ಕಣ್ಣು ಮುಚ್ಚಿಕೊಂಡಳು. ಪಕ್ಕದಲ್ಲಿ ಮುದುಕಿಯ ಉಸಿರು ಕೇಳುತ್ತಿತ್ತು. ಡ್ರೈವರೇ ಹಳ್ಳಕ್ಕೆ ಇಳಿದು ಅದನ್ನು ಎಳೆದ. ಬಂತು. ಖಾಲಿ ಸಿಮೆಂಟ್ ಚೀಲ. ಕೆಲಸ ಮಾಡಿದವರು ನೆಲದಡಿಗೇ ಬಿಟ್ಟು ಹೋದದ್ದು.

ಸಂಜೆಯ ಹೊತ್ತಿಗೆ ಇಡೀ ನೆಲ ಎದ್ದಿತ್ತು. ಕೆಳಗೆ ಮರಳು, ಅದರ ಕೆಳಗೆ ಜಲ್ಲಿ, ಅದರ ಕೆಳಗೆ ಗಟ್ಟಿ ಮಣ್ಣು, ಯಾರೂ ಯಾವತ್ತೂ ಅಗೆಯದ ಮಣ್ಣು. ಗೋಡೆಯ ಬುಡದವರೆಗೂ ಆಳುಗಳು ಅಗೆದು ನೋಡಿದರು. ಏನೂ ಇರಲಿಲ್ಲ.

ಬೀಗದವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ. ಸೀಟಿಗೆ ಮೈಯೆಲ್ಲ ಹಗುರಾಯಿತು. "ನೋಡಿ ಅಮ್ಮ, ಇಲ್ಲ" ಎಂದಳು. ಈಗ ಮುದುಕಿ ನಗುತ್ತಾಳೆ, ಮಗನನ್ನು ತಬ್ಬುತ್ತಾಳೆ ಎಂದುಕೊಂಡಳು. ಬರೆಯುವವಳಾಗಿದ್ದರಿಂದ ಹಾಗೆಂದುಕೊಂಡಳೋ ಏನೋ.

ಮುದುಕಿ ಹಳ್ಳವನ್ನೇ ನೋಡುತ್ತಿದ್ದಳು. "ಇಲ್ಲ" ಎಂದಳು. "ಇಲ್ಲೇ ಇದ್ದಾನೆ ಅಂತ ಪಕ್ಕದಲ್ಲಿ ಮಲಗ್ತಿದ್ದೆ. ಎಷ್ಟೋ ವರ್ಷದ ಮೇಲೆ ನಿದ್ದೆ ಬರ್ತಿತ್ತು. ಈಗ ಅದೂ ಇಲ್ಲ." ಮಣಿಕಟ್ಟನ್ನು ಬಿಟ್ಟಳು. ಅಲ್ಲಿ ಐದು ಬೆರಳೂ ಮೂಡಿದ್ದವು. "ಇನ್ನು ಮತ್ತೆ ಕಾಯಬೇಕು" ಎಂದು ಚಾಪೆ ಸುತ್ತಿ ಕಂಕುಳಿಗೆ ಇಟ್ಟುಕೊಂಡಳು.

ಸಂದಿಯ ತುದಿಯವರೆಗೆ ಹೋಗಿ, ಮತ್ತೆ ತಿರುಗಿ ಬಂದಳು.

"ಸತ್ತ ಅಂತ ಬರೆದೆಯಲ್ಲ. ಬದುಕಿದ್ದಾನೆ ಅಂತಾನೂ ಬರಿ."

"ಅಮ್ಮ, ಅವನು ಎಲ್ಲಿದ್ದಾನೆ ಅಂತ ನನಗೆ ಗೊತ್ತಿಲ್ಲ."

"ಆವಾಗಲೂ ಗೊತ್ತಿರಲಿಲ್ಲ. ಬರೆದೆ."

"ನೀವು ನಂಬಿಬಿಟ್ರೆ?"

"ನಂಬೋದು ಬಿಡೋದು ನನ್ನ ಪಾಡು. ನಿನ್ನ ಕೆಲಸ ನೀನು ಮಾಡು" ಎಂದು ಮುದುಕಿ ಹೊರಟುಹೋದಳು. ಮಗ ಕಣ್ಣೊರೆಸಿಕೊಂಡು ಅವಳ ಹಿಂದೆ ಹೋದ. ಅವತ್ತು ಅವಳು ಮನೆಯಲ್ಲೇ ಮಲಗಿದಳೆಂದು ಆಮೇಲೆ ತಿಳಿಯಿತು.

ಕಾದಂಬರಿ ಎರಡನೆಯ ಮುದ್ರಣಕ್ಕೆ ಬಂದಾಗ "ಇದ್ದದ್ದು ಇದ್ದಂಗೆ" ಅನ್ನುವುದನ್ನು ಎಲ್ಲ ಕಡೆ ತೆಗೆಯಬೇಕೆಂದು ಸೀಟಿ ಪ್ರಕಾಶಕರಿಗೆ ಹೇಳಿದಳು. ಜನಕ್ಕೆ ಅದೇ ಇಷ್ಟವಾದದ್ದು ಎಂದು ಅವರು ಗೋಗರೆದರು. ಅವಳು ಜಗ್ಗಲಿಲ್ಲ. ಗೋದಾಮನ್ನೂ ತೆಗೆದು ಬೇರೆ ಬರೆದಳು. ಮೊದಲಿನಷ್ಟು ಖಾರವಿಲ್ಲ ಎಂದರು ಪ್ರಕಾಶಕರು. ನ್ಯಾಯಾಲಯದ ಅವಳ ಕುರ್ಚಿ ಇನ್ನೂ ಖಾಲಿ ಇದೆ ಎಂದು ಹಳೆಯ ಗೆಳತಿ ಹೇಳಿದಾಗ ಒಂದು ವಾರ ಅನ್ನ ನಿದ್ದೆ ಬಿಟ್ಟು ಯೋಚಿಸಿದಳು. ಅಲ್ಲಿ ಆಡದ್ದನ್ನು ಸೇರಿಸುವ ಹಾಗಿಲ್ಲ, ಆದ್ದರಿಂದ ಹೆದರಿಕೆಯೂ ಇಲ್ಲ. ಆದರೂ ಹೋಗಲಿಲ್ಲ. ಮೇಜಿನ ಮುಂದೆಯೇ ಕೂತಳು. ಒಂದೊಂದು ಮಾತು ಬರೆಯುವಾಗಲೂ ಇದು ಯಾರ ಮನೆಯ ಬಾಗಿಲಿಗೆ ಹೋಗಿ ಬೀಳುತ್ತದೋ ಎಂದು ಕೈ ತಡೆಯುತ್ತಿತ್ತು. ಆ ತಡೆಯಲ್ಲೇ ಬರೆದಳು. ಬಹಳ ಕಾಲ ಹಿಡಿಯಿತು.

ಎರಡನೆಯ ಕಾದಂಬರಿಯಲ್ಲಿ ಒಬ್ಬ ಮನೆ ಬಿಟ್ಟು ಹೋಗಿ ದೂರದ ಒಂದು ಊರಿನಲ್ಲಿ ರೇಡಿಯೋ ರಿಪೇರಿ ಮಾಡಿಕೊಂಡಿರುತ್ತಾನೆ. ಅವನಿಗೆ ಯಾರ ಮಾತನ್ನೂ ಕೊಡಲಿಲ್ಲ, ಯಾರ ಹೆಗಲನ್ನೂ ಕೊಡಲಿಲ್ಲ, ಎಲ್ಲ ತನ್ನ ಮನಸ್ಸಿನಿಂದಲೇ ತೆಗೆದಳು. ಅತ್ತೆ ಕನ್ನಡಕ ಹಾಕಿಕೊಂಡು ಓದಿ ಮುಗಿಸಿ, "ಇದರಲ್ಲಿ ಯಾರೂ ಸಾಯಲ್ಲ. ಪರವಾಗಿಲ್ಲ" ಎಂದರು. ಪುಸ್ತಕ ಮೊದಲಿನಷ್ಟು ಓಡಲಿಲ್ಲ.

ಅದು ಬಂದ ಕೆಲವು ತಿಂಗಳಿಗೆ ಸೀಟಿ ಪೇಟೆಯಲ್ಲಿ ಬೀಗದವನನ್ನು ಕಂಡಳು. ನೋಡದ ಹಾಗೆ ಹೋಗಿಬಿಡೋಣ ಅನ್ನಿಸಿತು. ಅವನೇ ರಸ್ತೆ ದಾಟಿ ಬಂದ.

"ಆ ಹುಡುಗಿ ಅಮ್ಮನಿಗೆ ಓದಿ ಹೇಳಿದ್ಲು ಮೇಡಂ. ಹೊಸದು."

 ಮುದುಕಿ ಗಂಟುಮೂಟೆ ಕಟ್ಟಿಕೊಂಡು ಆ ಇಲ್ಲದ ಊರನ್ನು ಹುಡುಕಿ ಹೊರಟಿದ್ದಾಳೆ ಎಂದೇ ಅವನು ಹೇಳುತ್ತಾನೆ ಎಂದುಕೊಂಡಳು ಸೀಟಿ. ಅದನ್ನು ಬರೆದ ಮೊದಲ ದಿನದಿಂದ ಅವಳು ಹೆದರುತ್ತಿದ್ದದ್ದು ಅದಕ್ಕೇ.

"ಏನಂದ್ರು?" ಎಂದು ಕೇಳಿದಳು.

"ಕೊನೇವರೆಗೂ ಕೇಳಿಸ್ಕೊಂಡ್ಲು. ಆಮೇಲೆ, ಇವನು ನನ್ನ ಮಗ ಅಲ್ಲ ಅಂದ್ಲು. ನನ್ನ ಮಗ ಇಷ್ಟೊಂದು ಮಾತಾಡ್ತಿರಲಿಲ್ಲ, ಬೆಳಗ್ಗೆ ಇಷ್ಟು ಬೇಗ ಏಳ್ತಾನೂ ಇರಲಿಲ್ಲ ಅಂದ್ಲು."

ಸೀಟಿ ಉಸಿರು ಬಿಟ್ಟಳು. ಮನಸ್ಸಿಗೆ ನಿರಾಳವಾಯಿತೋ ನೋವಾಯಿತೋ ಅವಳಿಗೇ ತಿಳಿಯಲಿಲ್ಲ.

"ಅಷ್ಟೇನಾ?"

"ಅಷ್ಟೇ" ಎಂದ ಬೀಗದವನು. ಅಂಗಡಿಯ ಮುಂದೆ ಗಿರಾಕಿಯೊಬ್ಬ ಕಾಯುತ್ತಿದ್ದ. ಅತ್ತ ಎರಡು ಹೆಜ್ಜೆ ಹಾಕಿದವನು ನಿಂತು ಹೇಳಿದ. "ಮೊನ್ನೆ ಅಮ್ಮ ಆ ಹುಡುಗೀನ ಕರೆದು, ಅವನು ಅಡುಗೆ ಮಾಡ್ಕೊಳ್ಳೋ ಭಾಗ ಇದೆಯಲ್ಲ, ಅದನ್ನ ಇನ್ನೊಂದ್ಸಲ ಓದು ಅಂದ್ಲು."